ಗ ಕೊಂಬು ಗು

ಮಂಗಳವಾರ ಮೂರೂವರೆಗೆ ಮಷೀನಿನ ಸ್ವಿಚ್ಚು ಆರಿಸಿ
ತಲೆನೋವು ಅಂತ ಮೇಸ್ತ್ರಿಗೆ ಹೇಳಿ
ಜೀನ್ಸ್ ಬಟ್ಟೆಯ ಗೋದಾಮಿಗೆ ಹೋಗುತ್ತೇನೆ.
ಕೌಲ್ ಬಜಾರಿನ ಈ ಓಣಿಯಲ್ಲಿ
ಗುಟ್ಟು ನಿಲ್ಲುವ ಜಾಗ ಅದೊಂದೇ.
ಥಾನಿನ ಮೇಲೆ ಥಾನು, ಸೂರಿನ ತನಕ ನೀಲಿ.
ಬಾಯಿಂದ ಹೊರಟ ಮಾತು ಎರಡು ಗೇಣು ಹೋಗಿ
ಬಟ್ಟೆಯೊಳಗೆ ಇಳಿದುಬಿಡುತ್ತದೆ.

ಫೋನನ್ನು ಗುಂಡಿ ಡಬ್ಬಿಗೆ ಆನಿಸಿ ಇಡುತ್ತೇನೆ.
ಮಗಳೇ ಇದನ್ನು ಹಾಕಿಕೊಟ್ಟವಳು,
"ಯಾರ ಜೊತೆಗಾದ್ರೂ ಮಾತಾಡಮ್ಮ" ಅಂತ.
ಯಾಕೆ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಆ ಕಡೆ ವಿನುತಾ ಮೇಡಂ. ಪುತ್ತೂರಿನವರಂತೆ.
ಬಿಳಿ ಗೋಡೆ, ಒಂದು ಹೂಕುಂಡ, ತೆರೆದಿಟ್ಟ ನೋಟ್‌ಬುಕ್.
ಮುಕ್ಕಾಲು ಗಂಟೆಗೆ ಆರುನೂರು.
ಜೇಬಿಗೆ ಎರಡು ರೂಪಾಯಿಯಂತೆ ಮುನ್ನೂರು ಜೇಬು.
ಯಾರದೋ ಮುನ್ನೂರು ಕೈಗಳಿಗೆ ಜಾಗ ಹೊಲಿದುಕೊಟ್ಟರೆ
ನಾನೊಮ್ಮೆ ಬಾಯಿ ತೆರೆಯಬಹುದು.

ಮೊದಲ ದಿನ ಕೇಳಿದರು, "ಏನಾಗ್ತಾ ಉಂಟು, ಸುಂಕಮ್ಮ?"
ನಾನಂದೆ, "ದಿಗುಲು ಮೇಡಂ. ಸಾಯಂಕಾಲ ಐದಕ್ಕೆ ಬರ್ತೈತೆ."
ಅವರು ಬರೆದುಕೊಂಡರು: ದಿಗಿಲು.
"ಯಾವುದರ ಭಯ?"
ಅಷ್ಟು ಓದಿದವರು ಕೇಳುವಾಗ ಇಲ್ಲ ಅನ್ನಬಾರದೆಂದು
ಹುಡುಕಿ ಹುಡುಕಿ ಕೊಟ್ಟೆ:
ಹಲ್ಲಿ. ವಾಷಿಂಗ್ ಯೂನಿಟ್ಟಿನ ಬಾಯ್ಲರು.
ಸಂಘದ ಕಂತು ಕಟ್ಟುವ ಗುರುವಾರ.
ಮೂರು ವಾರ ಇಬ್ಬರೂ ಕೂಡಿ
ಇಲ್ಲದ ಭಯಕ್ಕೆ ಉಸಿರು ಎಳೆದೆವು, ಬಿಟ್ಟೆವು,
ನಾಲ್ಕು ಎಣಿಸಿ ಎಳೆ, ಆರು ಎಣಿಸಿ ಬಿಡು.
ಹಲ್ಲಿಯ ಭಯ ನಿಜಕ್ಕೂ ಹೋಯಿತು.

ನಮ್ಮ ಮನೆಯಲ್ಲಿ ಹೊಟ್ಟೆಯ ಮಾತು ತೆಲುಗು, ಬೀದಿಯ ಮಾತು ಕನ್ನಡ.
ಇಸ್ಕೂಲಲ್ಲಿ ಕೂಗಿ ಕಲಿತದ್ದು:
ಗ ಗುಡಿಸು ಗಿ, ಗ ಕೊಂಬು ಗು.
ಗುಡಿಸಿದರೆ ಹೆದರಿಕೆ.
ಕೊಂಬು ಬಂದರೆ ಬೇರೆಯದೇ ಪ್ರಾಣಿ;
ನಮ್ಮಮ್ಮ ಒಲೆ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳಲ್ಲ,
ಅನ್ನ ಸೀದರೂ ಏಳದೆ, ಅದು.

ನಾಲ್ಕನೇ ಮಂಗಳವಾರ ನೆಟ್‌ವರ್ಕ್ ಕೈಕೊಟ್ಟಿತು.
ಮೇಡಂ ಅರ್ಧ ಕಣ್ಣು ಮುಚ್ಚಿ, ಪೆನ್ನು ಎತ್ತಿ, ಹಾಗೇ ಕಲ್ಲಾದರು.
ಗುಡ್ಡದ ಬುಡದ ಊರು ನಮ್ಮದು,
ಕಲ್ಲಿನ ಜೊತೆ ಮಾತು ರೂಢಿ.
ಹೇಳಿದೆ: ಭಯಂ ಕಾದಮ್ಮಾ.
ಯಾರೂ ಸತ್ತಿಲ್ಲ. ಗಂಡ ಹೊಡೆಯುವವನಲ್ಲ,
ಬಟವಾಡೆಯ ದಿನ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಬರುತ್ತಾನೆ.
ಮಗಳು ಚೆನ್ನಾಗಿ ಓದುತ್ತಾಳೆ.
ಕಾರಣ ಇದ್ದಿದ್ದರೆ ಓಣಿಯವರಿಗೆ ತೋರಿಸುತ್ತಿದ್ದೆ, ಗಾಯದ ಹಾಗೆ.
ಏನೂ ಇಲ್ಲದೆ, ಐದು ಗಂಟೆಗೆ, ಎದೆಯಲ್ಲಿ
ನೆನೆದ ಡೆನಿಮ್ಮಿನ ಭಾರ.
ಹಿಂಡಲು ಬಾರದು, ಒಣಗದು.

ಅಳು ಬಂತು, ಒರೆಸಿಕೊಂಡೆ.
ಕಲ್ಲು ಅಲುಗಿತು.
"ಕೇಳಿಸಲಿಲ್ಲ ಮಾರಾಯ್ರೆ... ಅಯ್ಯೋ, ಕೆನ್ನೆ ನೀಲಿಗಟ್ಟಿದೆಯಲ್ಲ!
ಯಾರು ಹೊಡೆದದ್ದು? ಈಗ ಪಕ್ಕದಲ್ಲಿ ಯಾರಿದ್ದಾರೆ?"
ಬೆರಳು ಎತ್ತಿ ತೋರಿಸಿದೆ. ಹತ್ತೂ ನೀಲಿ.
"ಬಣ್ಣ ಮೇಡಂ. ಸೋಪಿಗೂ ಹೋಗಲ್ಲ."
ನಗು ಮೊದಲು ಯಾರಿಗೆ ಬಂತೋ.
ಆರು ತಿಂಗಳಲ್ಲಿ ನನ್ನ ನಗು ನನಗೇ ಕೇಳಿಸಿದ್ದು ಆವತ್ತು,
ಅದೂ ಥಾನುಗಳು ನುಂಗುವ ಮೊದಲು, ಒಂದು ಚಣ.

ಆಮೇಲೆ ಎಲ್ಲ ಇನ್ನೊಮ್ಮೆ ಹೇಳಬೇಕಾಯಿತು, ಕನ್ನಡದಲ್ಲಿ.
ಎರಡನೇ ಸಲ ಅಷ್ಟು ಚೆನ್ನಾಗಿ ಬರಲಿಲ್ಲ.
ನೋಟ್‌ಬುಕ್ಕಿನಲ್ಲಿ ಅವರು ಏನಕ್ಕೋ ಗೀಟು ಎಳೆದದ್ದು ಕಂಡಿತು.

ವಾಸಿಯಾಯಿತೇ ಅಂತ ಕೇಳಬೇಡಿ.
ನಿನ್ನೆಯೂ ಐದಕ್ಕೆ ಬಂದಿತ್ತು, ಝಿಪ್ಪು ಹಚ್ಚುವಾಗ.
ಸೂಜಿ ನಿಲ್ಲಿಸಲಿಲ್ಲ.
ಬಾ, ಪಕ್ಕದ ಸ್ಟೂಲು ಖಾಲಿ ಐತೆ, ಅಂದೆ.
ಆದರೆ ಇವತ್ತು ಕರೆ ಹತ್ತಿದ ಕೂಡಲೆ
ಆ ಕರಾವಳಿ ನಾಲಿಗೆ, ತಡವರಿಸಿ, ಮೆಲ್ಲಗೆ,
ಗ-ಕ್ಕೆ ಕೊಂಬು ಹಚ್ಚಿ ಕೇಳಿತು:
"ದಿಗುಲು ಹೇಗುಂಟು, ಸುಂಕಮ್ಮ?"