ಹಿತ್ತಾಳೆ ಕಿವಿ

ಒರೂರೊ ಸಂತೆಯಲ್ಲಿ, ಒಂಟಿ ಬೂಟು, ಕೆಟ್ಟ ರೇಡಿಯೊ,
ಲಾಮಾ ಉಣ್ಣೆಯ ಉಂಡೆಗಳ ನಡುವೆ
ಕಿವಿಯೊಂದನ್ನು ಕೊಳ್ಳಲು ನಿಂತಿದ್ದೆ.
ಕೈಯಲ್ಲಿ ಒಂಬೈನೂರು ಬೊಲಿವಿಯಾನೊ.
ಅದರಲ್ಲಿ ಇನ್ನೂರು ತಂಗಿಯದು.

ಲಾ ಪಾಸಿನ ತಂಡದವರು ಹೇಳಿದ್ದರು:
ಬಸ್ಸಿನ ಖರ್ಚು ಕೊಡಲಾರೆವು, ಮನೆಯಲ್ಲೇ ಊದಿ ಕಳಿಸು,
ಮೂರು ತುಂಡು ಟ್ರಾಂಬೋನು,
ಚೊಕ್ಕ ಇರಲಿ, ಬುಧವಾರದೊಳಗೆ.

ಅಂಗಡಿಯ ತೆಯೋಫಿಲೊ ಮೊದಲು ತೆಗೆದದ್ದು
ಚಿನ್ನದ ಜಾಲರಿಯದು, ಮಖಮಲ್ಲಿನ ಪೆಟ್ಟಿಗೆ.
'ಇದಕ್ಕೆ ಇರುವೆ ಕೆಮ್ಮಿದರೂ ಕೇಳುತ್ತೆ.'
ನಮ್ಮ ಮನೆಯಲ್ಲಿ ಇರುವೆ ಕೆಮ್ಮುವುದಿಲ್ಲ,
ಅಪ್ಪ ಕೆಮ್ಮುತ್ತಾನೆ,
ಇಪ್ಪತ್ತಾರು ವರ್ಷ ತವರದ ಗಣಿಯಲ್ಲಿ ಕೆಮ್ಮು ದುಡಿದವನು,
ನಡುವೆ ಒಂದೇ ಗೋಡೆ, ಅದೂ ಹಲಗೆಯದು.

ಎರಡನೆಯದು ರಿಬ್ಬನ್ ಮೈಕು.
ಒಳಗೊಂದು ಲೋಹದ ಪಟ್ಟಿ, ಈರುಳ್ಳಿ ಸಿಪ್ಪೆಗಿಂತ ತೆಳು.
ಕಂಚು ಹಿತ್ತಾಳೆ ಕಂಡರೆ ಅದಕ್ಕೆ ಪ್ರಾಣವಂತೆ,
ಚೂಪನ್ನೆಲ್ಲ ಬೆಣ್ಣೆ ಮಾಡಿ ಕೊಡುತ್ತದಂತೆ,
ಹತ್ತಿರ ನಿಂತು ಜೋರಾಗಿ ಊದಿದರೆ ಹರಿದು ಸಾಯುತ್ತದಂತೆ.
ಬೆಲೆ ಕೇಳಿದೆ. ಬಟ್ಟೆ ಸರಿಸಿ ಮತ್ತೆ ಮುಚ್ಚಿದೆ.

ಹೇಳಿದ್ದನ್ನೆಲ್ಲ ನಂಬುವುದು ಹಿತ್ತಾಳೆ ಕಿವಿ:
ನಾಯಿ ಹೇಳಿದ್ದು, ನಲ್ಲಿ ಹೇಳಿದ್ದು, ಬೀದಿಯ ಹಾರನ್ನು ಹೇಳಿದ್ದು.
ನನಗೆ ಬೇಕಾದ್ದು ಉಲ್ಟಾ,
ಹಿತ್ತಾಳೆ ಹೇಳಿದ್ದನ್ನು ಮಾತ್ರ ನಂಬುವ ಕಿವಿ.

'ಅದನ್ನು ತಗೋ,' ಅಂದ ಟ್ಯೂಬಾದ ಸೆನೋಬಿಯೊ,
ಬುಟ್ಟಿಯ ತಳದಲ್ಲಿದ್ದ ನೆಗ್ಗಿದ ಮೈಕು ತೋರಿಸಿ.
ಜೇಬಿನಿಂದ ಬರೀ ಬಾಯಿತುಂಡು ತೆಗೆದು
ಅದರ ಮೂತಿಗೇ ಒಮ್ಮೆ ಕೋಣನ ಹಾಗೆ ಗುಟುರಿದ.
ಅದು ಬೆಚ್ಚಲಿಲ್ಲ.
'ಮೂರು ಕಾರ್ನಿವಾಲ್ ಕಂಡಿದೆ. ನಿನಗೆ ಹೆದರುತ್ತದೆಯೇ?'

ಮೈಕು ಮುನ್ನೂರ ಎಂಬತ್ತು, ಎರಡು ತೂತಿನ ಪೆಟ್ಟಿಗೆ ನಾನೂರ ಹತ್ತು
(ಒಂದು ತೂತು ಗರಗರ ಅನ್ನುತ್ತೆ, ಇನ್ನೊಂದು ಸಾಕು),
ತಂತಿ ಅರವತ್ತು.
ಸ್ಟ್ಯಾಂಡಿಗೆ ಕಾಸಿಲ್ಲ. ಪೊರಕೆ ಕಡ್ಡಿ ಇದೆ, ಅಂಟುಪಟ್ಟಿ ಇದೆ.
ಉಳಿದದ್ದರಲ್ಲಿ ಸೆನೋಬಿಯೊಗೂ ನನಗೂ
ಬಿಸಿ ಬಿಸಿ ನೇರಳೆ ಜೋಳದ ಆಪಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ನಾನು ಕಂಬಳಿ ಇದ್ದಷ್ಟು ದನಿ ಚಾಚಿದೆ:
ಕಿಟಕಿಗೆ ಎರಡು, ಬಾಗಿಲಿಗೆ ಒಂದು,
ಬೆನ್ನ ಹಿಂದೆ ಅಜ್ಜಿಯ ಮದುವೆಯದು, ಇನ್ನೂ ಕುರಿ ವಾಸನೆ.
ಮೈಕಿಗೆ ನೇರ ನಿಲ್ಲಲಿಲ್ಲ.
ಜಗಳಗಂಟ ನೆಂಟನ ಜೊತೆ ಮಾತಾಡುವಾಗ ನಿಲ್ಲುತ್ತೇವಲ್ಲ,
ಒಂದು ಮಾರು ದೂರ, ತುಸು ಮಗ್ಗುಲಿಗೆ.
ಮೊದಲ ಸ್ವರಕ್ಕೇ ಪೆಟ್ಟಿಗೆಯ ದೀಪ ಕೆಂಪಾಯಿತು.
ಗುಂಡಿ ತಿರುಗಿಸಿದೆ, ಕೆಳಗೆ, ಇನ್ನೂ ಕೆಳಗೆ,
ಹಸಿರಿನಲ್ಲಿ ಒಂದು ಬೆರಳು ಜಾಗ ಬಿಟ್ಟು.

ಈ ಎತ್ತರದಲ್ಲಿ ಗಾಳಿ ಚಿಲ್ಲರೆ ಲೆಕ್ಕ.
ಎರಡು ಸಾಲಿಗೊಮ್ಮೆ ಎಳೆಯಲೇಬೇಕು,
ಎಳೆದದ್ದೆಲ್ಲ ಅಲ್ಲಿ ಅಚ್ಚಾಗಿತ್ತು, ಕಡಲೆಯಷ್ಟು ಗುಬ್ಬಿಗಳು.
ಒಂದೊಂದನ್ನೇ ಕತ್ತರಿಸುತ್ತ ಕೂತಿದ್ದೆ.
ಅಪ್ಪ ಬಂದ, ಹೆಡ್‌ಫೋನು ಕೇಳಿದ,
ಟೋಪಿಯ ಮೇಲೆಯೇ ಹಾಕಿಕೊಂಡ.
ಕೊನೆಯವರೆಗೂ ಕೇಳಿ
ರಾಗದ ಬಗ್ಗೆ ಒಂದು ಮಾತಿಲ್ಲ.
'ಇಷ್ಟೊಂದು ಗಾಳಿ ಎಲ್ಲಿಂದ ತರುತ್ತೀ?'

ಕತ್ತರಿ ಕೆಳಗಿಟ್ಟೆ.

ಬುಧವಾರ ಕಳಿಸಿದೆ. ಶುಕ್ರವಾರ ಉತ್ತರ:
ಟ್ರಾಂಬೋನು ಚೆನ್ನಾಗಿದೆ, ದುಡ್ಡು ತಿಂಗಳ ಕೊನೆಗೆ.
ಎರಡನೇ ತುಂಡಿನಲ್ಲಿ, ಹನ್ನೊಂದನೇ ಸಾಲಿಗೆ,
ಆ ಡ್ರಮ್ಮು ಯಾರದು? ತಾಳ ಸರಿಯಾಗಿದೆ.

ನಾಯಿ ಕೇಳಿಸದ, ಹಾರನ್ನು ಕೇಳಿಸದ
ಆ ನೆಗ್ಗಿದ ಕಿವಿಗೆ
ಕಂಬಳಿ ದಾಟಿ, ಹಲಗೆ ದಾಟಿ ಅವನು ಕೇಳಿಸಿದ್ದ.

ತಂಗಿಯ ಇನ್ನೂರು ಇನ್ನೂ ಬಾಕಿ.