ಪೋಷಕರ ಕಾಲಂ

ಗೇಟಿನಲ್ಲಿ ವಾಚ್‌ಮನ್ ತಡೆದ.
"ಯಾವ ಕ್ಲಾಸಮ್ಮಾ ನಿಮ್ಮ ಮಗಳು?"
ಬಿ.ಎ., ಮೊದಲನೇ ವರ್ಷ, ಅಂದೆ.
"ಹೆಸರು?"
ಗಾದಿಲಿಂಗಮ್ಮ.
"ಇಲ್ಲೇ ನಿಂದರ್ರಿ, ಕರಕೊಂಡು ಬರ್ತೀನಿ"
ಅಂತ ನನ್ನನ್ನೇ ಕರೆಯಲು ಒಳಗೆ ಹೋದ.

ಬೇವಿನ ಕೆಳಗೆ ನಿಂತೆ.
ಹೇಳಬಹುದಿತ್ತು. ಹೇಳಲಿಲ್ಲ.
ಹದಿನೆಂಟರ ಹುಡುಗಿಯೊಬ್ಬಳು, ಎಣ್ಣೆ ಹಚ್ಚಿದ ಎರಡು ಜಡೆ,
ಆ ವರಾಂಡದಿಂದ ಓಡಿ ಬಂದಾಳೇನೋ ಅಂತ
ನಾನೂ ಸ್ವಲ್ಪ ಹೊತ್ತು ಕಾದೆ.

ಕೌಲ್‌ಬಜಾರಿನ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ
ಜೀನ್ಸಿಗೆ ಹಿಂಜೇಬು ಹೊಲಿದಿದ್ದೇನೆ, ದಿನಕ್ಕೆ ಇನ್ನೂರು.
ಉಗುರ ಸಂದಿಯ ನೀಲಿ
ನಿಂಬೆಹಣ್ಣಿಗೂ ಬಗ್ಗಲಿಲ್ಲ, ಸೀಮೆಎಣ್ಣೆಗೂ ಬಗ್ಗಲಿಲ್ಲ.
ಯಾರ್ಯಾರದೋ ದುಡ್ಡು ಕೂರುವ ಜಾಗ ನನ್ನ ಕೈಯಲ್ಲಿ ಆಗುತ್ತದೆ.
ನನ್ನ ದುಡ್ಡು ಸೆರಗಿನ ಗಂಟಿನಲ್ಲಿ,
ಗಂಟು ಬಿಚ್ಚಿದರೆ ಮುಗಿಯಿತು.

ಫೀಸು ಮೂರು ಸಾವಿರದ ಎಂಟುನೂರು.
ಜೇಬಿಗೆ ಒಂದೂವರೆ ರೂಪಾಯಿಯಂತೆ
ನೋಟ್‌ಬುಕ್ಕಿನ ಕಡೇ ಪುಟದಲ್ಲಿ ಭಾಗಿಸಿದೆ:
ಎರಡು ಸಾವಿರದ ಐನೂರ ಮೂವತ್ತನಾಲ್ಕು ಜೇಬು.
ಒಂದು ರೂಪಾಯಿ ಮಿಗುತ್ತದೆ.
ಮನೆ ಬಾಡಿಗೆ ಆ ಲೆಕ್ಕಕ್ಕೆ ಬರಲಿಲ್ಲ.

ಸ್ಕಾಲರ್‌ಶಿಪ್ ಐತೆ ಹಾಕ್ರಿ ಅಂದದ್ದು
ಪಕ್ಕದ ಬೆಂಚಿನ ರುಕ್ಸಾರ್, ನನ್ನ ಸಣ್ಣ ಮಗನಿಗಿಂತ ಚಿಕ್ಕವಳು.
ತಹಸೀಲ್ದಾರ್ ಕಚೇರಿಗೆ ನಾಲ್ಕು ಸಲ ಅಲೆದೆ,
ಕಡೆಗೆ ಸೈಬರ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿ.
"ಪೋಷಕರ ಹೆಸರಕ್ಕಾ?"
ನಾನೇ.
"ತಗಳ್ಳಲ್ಲದು."
ಅಪ್ಪ?
ಸತ್ತು ಇಪ್ಪತ್ತು ವರ್ಷ.
"ಗಂಡ?"
ಇದ್ದಾನೆ. ಹೊಸಪೇಟೆಯಲ್ಲಿ ಇದ್ದಾನೆ.
ಅರ್ಜಿಯಲ್ಲಿ ಇಲ್ಲ.
ಹುಡುಗ ಮುಂದೆ ಕೇಳಲಿಲ್ಲ, ಒಳ್ಳೆಯ ಹುಡುಗ.
ತೆರೆಯ ಮೇಲೆ ಕೆಂಪಕ್ಷರ ಮಾತ್ರ ಬಿಡಲಿಲ್ಲ:
ಈ ಕಾಲಂ ಕಡ್ಡಾಯ.

ಮರುದಿನ ಆಟೋದಲ್ಲಿ ಅವ್ವನನ್ನು ಕರೆತಂದೆ.

ಎಪ್ಪತ್ತೊಂದರ ಅವ್ವ.
ನನ್ನ ಮದುವೆ ಗೊತ್ತಾದ ವಾರ
ಪಿ.ಯು.ಸಿ. ಪುಸ್ತಕಗಳನ್ನು ರದ್ದಿಯವನ ತಕ್ಕಡಿಗೆ ಏರಿಸಿ
ಬಂದ ದುಡ್ಡಿಗೆ ಹಸಿರು ಬಳೆ ಇಡಿಸಿದವಳು.
ಬೈದುಕೊಂಡು ಅಲ್ಲ. ಅಕ್ಕರೆಯಿಂದಲೇ.

ಯಂತ್ರದ ಕೆಂಪು ದೀಪಕ್ಕೆ ಮೊದಲು ನಾನು ಬೆರಳಿಟ್ಟೆ.
ಓದಲಿಲ್ಲ.
ಒರೆಸಿಕೊಂಡು ಇಟ್ಟೆ, ಊದಿಕೊಂಡು ಇಟ್ಟೆ,
ಎಡಗೈಯದು ಇಟ್ಟೆ.
ಹತ್ತೊಂಬತ್ತು ವರ್ಷದ ದಪ್ಪ ಬಟ್ಟೆ
ಗೆರೆಗಳನ್ನೆಲ್ಲ ತಿಂದು ಕೂತಿತ್ತು.
ಅವ್ವ ಇಟ್ಟಳು.
ಒಂದಕ್ಷರ ಬಾರದ ಅವ್ವನ ಹೆಬ್ಬೆಟ್ಟನ್ನು
ಯಂತ್ರ ಒಂದೇ ಸಲಕ್ಕೆ ಓದಿತು.
ನನಗೆ ಓಟಿಪಿ ಕಳಿಸಿದರು.

ವಾಪಸು ಬರುವಾಗ, ಗುಡ್ಡದ ಬಿಸಿ ಆಟೋದೊಳಗೆ ನುಗ್ಗುತ್ತಿರುವಾಗ,
ಹೊರಗೆ ನೋಡುತ್ತಲೇ ಕೇಳಿದಳು,
"ಆ ಪುಸ್ತಕ ಎಷ್ಟಕ್ಕೆ ಹೋಗಿದ್ವು, ನೆಪ್ಪೈತೇನೇ?"
ಇಲ್ಲಬೇ, ಅಂದೆ.
ನೆನಪಿತ್ತು. ನಾಲ್ಕು ಕೆಜಿ, ಹದಿನಾರು ರೂಪಾಯಿ.

ದುಡ್ಡು ಬಂತು, ಫೆಬ್ರವರಿಯಲ್ಲಿ,
ಫೀಸಿಗೆ ಮಾಲಕರ ಹತ್ತಿರ ತಂದ ಮುಂಗಡ
ಅರ್ಧ ತೀರಿದ ಮೇಲೆ.
ಮಿಷಿನ್ ಸದ್ದಿನಲ್ಲಿ ಮೆಸೇಜು ಕೇಳಿಸಲಿಲ್ಲ.
ಊಟದ ಹೊತ್ತಿಗೆ ನೋಡಿ, ಮತ್ತೆ ನೋಡಿ,
ರುಕ್ಸಾರಳಿಗೆ ಫೋನು ಹಚ್ಚಿದೆ.
ಅವಳದು ಇನ್ನೂ ಬಂದಿರಲಿಲ್ಲ.
ಇಬ್ಬರಿಗೂ ಮಾತು ಸಿಗಲಿಲ್ಲ.

ಅವತ್ತು ಕತ್ತರಿಸಿ ಉಳಿದ ತುಂಡು ಬಟ್ಟೆಯಲ್ಲಿ
ನನ್ನ ಲಂಗಕ್ಕೊಂದು ಜೇಬು ಹೊಲಿದುಕೊಂಡೆ.
ಎರಡೆಳೆ, ಮೂಲೆಗೆ ಬಿಗಿ ಹೊಲಿಗೆ,
ಲೆಕ್ಕದ ಪುಸ್ತಕಕ್ಕೆ ಹತ್ತದ ಜೇಬು.

ಪರೀಕ್ಷೆಯ ಬೆಳಿಗ್ಗೆ ಅದರಲ್ಲಿ
ಹಾಲ್‌ಟಿಕೆಟ್ಟು, ಎರಡು ಪೆನ್ನು,
ಅವ್ವ ಮಡಿಚಿ ತುರುಕಿದ ಇಪ್ಪತ್ತರ ನೋಟು.
"ಚಾ ಕುಡಿ" ಅಂದಳು.
ನಾಲ್ಕು ರೂಪಾಯಿ ಜಾಸ್ತಿ ಐತೆ ಅನ್ನಲಿಲ್ಲ ನಾನು.
ವಾಚ್‌ಮನ್ ಕೈ ಬೀಸಿದ, "ಓಡಕ್ಕಾ, ಬೆಲ್ ಆತು!"
ಓಡಿದೆ,
ಮೊಣಕಾಲು ಬೇಡ ಅನ್ನುತ್ತಿದ್ದರೂ.