ಉಲ್ಟಾ ಥ್ರೆಡ್ಡು

ಕೋಲಾರದ ಕ್ಲಾಕ್ ಟವರಿನಿಂದ ಎಡಕ್ಕೆ, ಚಪ್ಪಲಿ ಹೊಲಿಯುವವರ ಕೊಡೆಯಾಚೆ,
ನಾಲ್ಕಡಿ ಅಗಲದ ಅಂಗಡಿ.
ಕುಕ್ಕರು, ಗ್ಯಾಸ್ ಒಲೆ, ಮಿಕ್ಸಿ ರಿಪೇರಿ ಎಂದಿದ್ದ ಬೋರ್ಡಿನಲ್ಲಿ
ರಿಪೇರಿ ಮಾತ್ರ ಉಳಿದಿದೆ,
ಮಿಕ್ಕದ್ದನ್ನು ಬಿಸಿಲು ತಿಂದಿದೆ.

ಅಜ್ಮತ್ ಸಾಬರು ಮೊದಲ ದಿನ ನನ್ನ ಕೈಗೆ ಕೊಟ್ಟದ್ದು
ಸವೆದ ಹಲ್ಲುಜ್ಜುವ ಬ್ರಷ್ಷು.
"ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿ. ಅಡಿಯ ಕಪ್ಲರ್ ತಿರುಗಿಸು.
ಹಾಗಲ್ಲವೋ, ಬಿಗಿಯೋ ಕಡೆಗೆ.
ಇದರ ಥ್ರೆಡ್ಡು ಉಲ್ಟಾ. ಬಿಗೀತಾ ಹೋದ್ರೇನೇ ಬಿಚ್ಚಿಕೊಳ್ಳೋದು."
ನನಗಾಗ ಹದಿನಾರು.
ಸಿಕ್ಕಿದ್ದನ್ನೆಲ್ಲ ಎಳೆದು ಬಿಚ್ಚುವ ವಯಸ್ಸು.

ಎದ್ದು ಬಂತು ಬ್ಲೇಡು. ಎರಡು ಅಲಗು ಮೇಲಕ್ಕೆ, ಎರಡು ಕೆಳಕ್ಕೆ,
ಮೇಲೆಲ್ಲ ಕನ್ನಡಿ.
ಅಡಿಯಲ್ಲಿ, ವಾಷರಿನ ಸುತ್ತ,
ಕರ್ರಗೆ ಉಂಗುರ ಕಟ್ಟಿ ಕೂತಿತ್ತು ಒಂದು ಮನೆ.

ಮೂಸಿದೆ.
ಹುರಿಗಡಲೆ ಮೊದಲು. ಅದರಡಿ ಕೊತ್ತಂಬರಿ ದಂಟಿನ ನಾರು.
ಅದರಡಿ ಹೋದ ಚಳಿಗಾಲದ ಹಿತಕಿದವರೆಗೆ ರುಬ್ಬಿದ ಮಸಾಲೆ.
ಇನ್ನೂ ಕೆಳಗೆ, ಕಲ್ಲಾಗಿ,
ಯಾರದೋ ಬಾಣಂತನದ ಓಮ, ಮೆಣಸು.
"ಮೂಸಬೇಡವೋ," ಅಂದರು ಸಾಬರು, "ಉಜ್ಜು."

ಆಮೇಲೆ ಎಷ್ಟೋ ಜಾರುಗಳು.
ಕಲ್ಲುಪ್ಪು ಹಾಕಿ ತಿರುಗಿಸಿದರೆ ಹರಿತವಾಗುತ್ತಂತಲ್ಲ, ಎಲ್ಲರೂ ಕೇಳುತ್ತಾರೆ.
ಉಪ್ಪು ವಾಸನೆ ತೆಗೆಯುತ್ತೆ ತಾಯಿ, ಹರಿತ ಕೊಡಲ್ಲ.
ಹರಿತಕ್ಕೆ ಸಾಣೆಯೇ ಬೇಕು. ಅದೂ ಎರಡು ಸಲ,
ಮೂರನೇದಕ್ಕೆ ಅಲಗೇ ಸವೆಯುತ್ತೆ.
ರುಬ್ಬಿದ ಕೂಡಲೇ ಅರ್ಧ ಲೋಟ ನೀರು ಬಿಟ್ಟು ಒಂದು ಸುತ್ತು ತಿರುಗಿಸಿ,
ಬೋರಲು ಹಾಕಿ ಒಣಗಿಸಿ. ಅಷ್ಟೇ.
ಅಷ್ಟನ್ನು ಯಾರೂ ಮಾಡುವುದಿಲ್ಲ.
ಹಾಗಾಗಿಯೇ ನಮ್ಮ ಮನೆಯ ಒಲೆ ಉರಿಯುತ್ತದೆ.

ದಮಯಂತಮ್ಮನವರು ಬಂದದ್ದು ಶ್ರಾವಣದ ಒಂದು ಸೋಮವಾರ.
ಜಾರು ಪೇಪರಿನಲ್ಲಿ, ಪೇಪರು ಚೀಲದಲ್ಲಿ, ಚೀಲ ಸೆರಗಿನಲ್ಲಿ.
ಬೆಳ್ಳುಳ್ಳಿ ತಿನ್ನುವವರ ಮನೆಯ ಕಾಫಿಯನ್ನೂ ಮುಟ್ಟದವರು.
ನಮ್ಮಮ್ಮ ಹತ್ತು ವರ್ಷ ಅವರ ಹಿತ್ತಿಲಲ್ಲಿ ಪಾತ್ರೆ ಬೆಳಗಿದವಳು.
ಬೆಳಗಿಟ್ಟದ್ದರ ಮೇಲೆ ಮತ್ತೊಂದು ಚೊಂಬು ನೀರು ಬೀಳುತ್ತಿತ್ತು,
ಎತ್ತರದಿಂದ.
ನಾನು ಅವಳ ಮಗನೆಂದು ಅವರಿಗೆ ಗೊತ್ತಿಲ್ಲ. ಗೊತ್ತೋ ಏನೋ.

ಬಿಗಿದೆ. ಬಿಚ್ಚಿತು.
ವಾಷರಿನಡಿ ಬೆಳ್ಳುಳ್ಳಿ ಸಿಪ್ಪೆ, ತೆಳ್ಳಗೆ, ಕಾಗದದ ಹಾಗೆ.
ಅದಕ್ಕಂಟಿಕೊಂಡು
ಒಣ ಸೀಗಡಿಯ ಒಂದು ಮೀಸೆ.

ರಸ್ತೆಯಲ್ಲಿ ಟೊಮೆಟೊ ಲಾರಿಯೊಂದು ಹಾರನ್ ಹೊಡೆಯುತ್ತಲೇ ಇತ್ತು.
ಅವರು ನನ್ನ ಕೈ ನೋಡುತ್ತಿದ್ದರು, ನಾನು ಅವರ ಕಾಲುಂಗುರ.
ಹತ್ತು ವರ್ಷದ ಚೊಂಬು ನೀರೆಲ್ಲ
ನನ್ನ ನಾಲಿಗೆ ತುದಿಗೆ ಬಂದು ನಿಂತಿತು.
"ಏನಪ್ಪಾ ಅದು?"
"ಹುಣಸೆ ನಾರು, ಅಮ್ಮ."
ಬ್ರಷ್ಷಿಗೆ ಸೋಪು ಹಚ್ಚಿದೆ.

ಸಾಣೆಯ ಸದ್ದು ನಿಂತ ಮೇಲೆ, ಯಾರಿಗೋ ಎಂಬಂತೆ, ಅಂದರು:
"ಸೊಸೆ ಬಸುರಿ. ಮಂಗಳೂರಿನ ಕಡೆಯವಳು.
ಏನೂ ಸೇರುತ್ತಿರಲಿಲ್ಲ ಪಾಪ.
ನಾನೇ ರುಬ್ಬಿಕೊಟ್ಟೆ. ಬಾಗಿಲು ಹಾಕಿಕೊಂಡು."

ವಾಷರು, ಬುಷ್ಷು, ಸಾಣೆ, ನೂರಾ ಇಪ್ಪತ್ತು.
ಇನ್ನೂರು ಕೊಟ್ಟು ಹೊರಟರು. ಕರೆದೆ.
ಎಂಬತ್ತನ್ನು ಎಣಿಸಿ, ಮೇಲಿಂದ ಬಿಡದೆ, ಅಂಗೈಗೇ ಇಟ್ಟೆ.
ಅವರು ಕೈ ಎಳೆದುಕೊಳ್ಳಲಿಲ್ಲ.
"ಬೋರಲು ಹಾಕಿ ಒಣಗಿಸಿ," ಅಂದೆ.

ನಿಂಬೆಹೋಳು ಹಚ್ಚಿ ಮೂರು ಸಲ ತೊಳೆದರೂ
ಉಗುರಿನ ಸಂದಿಯಿಂದ ಹೋಗಲಿಲ್ಲ.
ರಾತ್ರಿ ಮುದ್ದೆ ಬಡಿಸುವಾಗ ಅಮ್ಮ ಮೂಗರಳಿಸಿ
ನನ್ನ ಕೈ ಹಿಡಿದು ನೋಡಿದಳು.
"ಸೀಗಡಿ ತಿಂದು ಬಂದಿದ್ದೀಯ. ಒಬ್ಬನೇ!"

ಹೂಂ, ಅಂದೆ.